ಸದ್ದು ಇಳಿಸಿದ ಕೈ

ಮಾತು ಶುರು ಮಾಡುವ ಮುಂಚೆ ಅವರ ಗಂಟಲಮಣಿ ಎರಡು ಸಲ ಮೇಲೆ ಕೆಳಗೆ ಆಡುತ್ತಿತ್ತು. ಭಾಷಣಕಲೆ, ಸಂವಹನ ಅಂತ ಮೂವತ್ತು ವರ್ಷ ಕಲಿಸಿದ ಪ್ರೊಫೆಸರರಿಗೂ ಸಭೆಯ ಅಂಜಿಕೆ ಇತ್ತು. ಅದು ಕಾಣುತ್ತಿದ್ದುದು ಮೈಕಿನ ಹತ್ತಿರ ನಿಂತ ನನಗೊಬ್ಬನಿಗೇ. ಹುಮನಾಬಾದಿನಲ್ಲಿ ನನ್ನದು ಮೈಕ್‌ಸೆಟ್ಟಿನ ಅಂಗಡಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ನಾನು ಕಟ್ಟಿದ ಸೆಟ್ಟು ನಡುಸಭೆಯಲ್ಲಿ ಕೆಟ್ಟಿತು ಅಂತ ಯಾರೂ ಅಂದಿಲ್ಲ.

ಅವರ ಮನೆ ಬಸವಕಲ್ಯಾಣದಲ್ಲಿ. ಇಲ್ಲಿಯ ಕಾಲೇಜಿನಲ್ಲಿ ಹೊಸದಾಗಿ ಪಾಠ ಮಾಡುತ್ತಿದ್ದಾಗ ಪಿಎಚ್‌ಡಿಗೆ ಸಂತೆಯ ಮಾತನ್ನೇ ಆರಿಸಿಕೊಂಡರು. ದಲಾಲಿ, ಬಳೆಗಾರ ಗಿರಾಕಿಯ ಮನಸ್ಸು ಹೇಗೆ ತಿರುಗಿಸುತ್ತಾರೆ ಎಂಬುದು ವಿಷಯ. ನನ್ನ ಟೇಪ್‌ರೆಕಾರ್ಡರ್ ಹೊತ್ತು ಇಬ್ಬರೂ ರಾಜೇಶ್ವರ, ಕೊಡಂಬಲದ ಕಡೆಯ ಸಂತೆಗಳನ್ನು ಸುತ್ತಿದೆವು. ನಿಮ್ಮಿಂದ ಮಾತು ಕಲಿಯಲು ಬಂದಿದ್ದೇನೆ ಅಂತ ಅವರು ಅಂದಾಗ ಒಬ್ಬ ಎತ್ತಿನ ದಲಾಲಿ, "ಹಂಗಾದ್ರ ಮೊದಲ ಎತ್ತ ತಗೋರಿ ಸಾಹೇಬ್ರ, ಮಾತ ಪುಕ್ಕಟ ಕೊಡ್ತೀನಿ" ಅಂದ. ಅದನ್ನೂ ಬರೆದುಕೊಂಡರು. ಪ್ರಬಂಧ ಅಚ್ಚಾದಾಗ ಅಂಗಡಿಗೆ ತಂದು ತೋರಿಸಿದರು. ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ನನ್ನದು.

ಮುಂದೆ ವಿಶ್ವವಿದ್ಯಾಲಯಕ್ಕೆ ಹೋದರು, ವಿಭಾಗದ ಮುಖ್ಯಸ್ಥರಾದರು. ಈ ಕಡೆ ಎಲ್ಲೇ ಭಾಷಣವಿರಲಿ, ಮೈಕು ನನ್ನದೇ ಆಗಬೇಕು. ಮುಗಿಸಿ ಇಳಿದವರು ಶಾಲು ಹೊದಿಸಿಕೊಳ್ಳುವ ಮೊದಲು ನನ್ನ ಹತ್ತಿರ ಬರುತ್ತಿದ್ದರು.

"ಉಸ್ತಾದ, ಹಿಂದಿನವ್ರಿಗಿ ಮುಟ್ಟಿತೇನ್ರಿ?"

ಇಲ್ಲ ಅಂದರೆ ಮುಖ ಬಾಡುತ್ತಿತ್ತು.

ನಿವೃತ್ತರಾದ ವರ್ಷ ಒಂದು ಕಾಲೇಜಿನವರು ಕರೆದು ಸನ್ಮಾನ ಇಟ್ಟರು. ಆ ಕಾಲೇಜಿನಲ್ಲಿ ಅವರ ವಿಷಯವನ್ನು ಆಗಷ್ಟೇ ಮುಚ್ಚಿದ್ದರು. ಇವರು ಎದ್ದು ನಿಂತವರೇ ಹಿಂದೆ ಕುಳಿತ ಹುಡುಗರಿಗೆ ಅದನ್ನೇ ಹೇಳತೊಡಗಿದರು. ಮಾತು ಕಲಿತವರು ಪ್ರಶ್ನೆ ಕೇಳುತ್ತಾರೆ, ಆ ಅಂಜಿಕೆಗೇ ಮುಚ್ಚಿದ್ದು ಅಂದರು. ವೇದಿಕೆಯ ಮೇಲಿದ್ದ, ಆ ಕಾಲೇಜು ನಡೆಸುವ ಸಂಸ್ಥೆಯ ಅಧ್ಯಕ್ಷರು ನನ್ನತ್ತ ನೋಡಿ ಅಂಗೈ ಕೆಳಗೆ ಮಾಡಿದರು. ವರ್ಷವಿಡೀ ನನಗೆ ಕೆಲಸ ಕೊಡುವವರು ಅವರೇ. ನಾನು ಸದ್ದು ಇಳಿಸಿದೆ.

ಪ್ರೊಫೆಸರರು ಒಮ್ಮೆ ನನ್ನ ಕಡೆ ನೋಡಿದರು. ಬರಿ ಗಂಟಲಲ್ಲೇ ಕೊನೆವರೆಗೂ ಮಾತಾಡಿದರು. ಹಿಂದಿನ ಹುಡುಗರು ಸ್ವಲ್ಪ ಹೊತ್ತು ಕತ್ತು ಚಾಚಿದರು, ಆಮೇಲೆ ಮೊಬೈಲ್ ತೆಗೆದರು. ಇಳಿದು ಬಂದು ನನ್ನ ಜೊತೆ ವೈರು ಸುತ್ತುತ್ತ ಕುಳಿತರು. ಅವತ್ತು ಏನೂ ಕೇಳಲಿಲ್ಲ. ನಾನೇ ಅಂದೆ, "ಸೆಟ್ ಕೆಟ್ಟಿತ್ರಿ ಸರ್."

"ಹೌದೇನ್ರಿ" ಅಂದರು. ಸುತ್ತುವುದು ನಿಲ್ಲಿಸಲಿಲ್ಲ.

ವರ್ಷದ ಮೇಲೆ ಅವರಿಗೆ ಲಕ್ವಾ ಹೊಡೆಯಿತು, ಮಾತು ಹೋಯಿತು ಅಂತ ಸುದ್ದಿ ಬಂತು. ಬಸವಕಲ್ಯಾಣಕ್ಕೆ ಹೋಗಿ ಮಂಚದ ಪಕ್ಕ ಕುಳಿತೆ. "ಸೆಟ್ ಕೆಟ್ಟಿದ್ದಿಲ್ರಿ ಸರ್. ನಾನೇ ಇಳಿಸಿದ್ದೆ" ಅಂದೆ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. ಬಾಯಿ ತೆರೆದು ಏನೋ ಅಂದರು. ಮತ್ತೆ ಅದನ್ನೇ ಅಂದರು. ಅವರ ಹೆಂಡತಿ ಬಗ್ಗಿ ಕೇಳಿ, "ಏನ್ ಹೇಳಾಕತ್ತಾರೋ ನನಗೂ ತಿಳಿವಲ್ದಪ್ಪಾ" ಅಂದರು. ನಾನು ಕಿವಿಯನ್ನು ಪ್ರೊಫೆಸರರ ತುಟಿಗೆ ಹಚ್ಚಿದೆ. ಬೆವರುತ್ತ ಮೂರನೇ ಸಲ ಅಂದರು. ತಿಳಿಯಲಿಲ್ಲ. ಕೈ ಬಿಟ್ಟು ಗೋಡೆಯ ಕಡೆ ಹೊರಳಿದರು. ಆ ವಾರವೇ ಹೋದರು.

ಬೈದರೋ, ಹೋಗಲಿ ಬಿಡು ಅಂದರೋ. ಈಗಲೂ ಖಾಲಿ ಸಭೆಯಲ್ಲಿ ಸೆಟ್ಟು ಕಟ್ಟಿ ಕರೆಂಟು ಕೊಟ್ಟರೆ ಗುಂಯ್ ಎನ್ನುವ ಸದ್ದಿನ ಒಳಗೆ ಅವರು ಅದನ್ನೇ ಅನ್ನುತ್ತಾರೆ. ಜನ ಬಂದು ಕೂರುವವರೆಗೆ ಕೇಳುತ್ತ ನಿಂತಿರುತ್ತೇನೆ.