ಮಿರಜದಿಂದ ಅವ್ವನನ್ನು ಊರಿಗೆ ಕರೆತಂದ ದಿನ

ಅವ್ವನ ಕಣ್ಣಿನ ಆಪರೇಷನ್ ಮಿರಜದಲ್ಲಿ ಆಯಿತು. ಅಥಣಿಯಿಂದ ತಮ್ಮ ಅವಳನ್ನು ತನ್ನ ಕಾರಿನಲ್ಲಿ ಕರೆತಂದಿದ್ದ. ನಾನು ಸಾಂಗ್ಲಿಗೆ ಮದುವೆಯಾಗಿ ಬಂದವಳು. ಆಸ್ಪತ್ರೆಯಲ್ಲಿ ಮರಾಠಿ ಮಾತಾಡಲು ಜೊತೆಗಿದ್ದೆ. ವಾಪಸು ಹೊರಡುವ ದಿನವೇ ಗಡಿಯ ಗಲಾಟೆ ಜೋರಾಯಿತು. ಕರ್ನಾಟಕದಲ್ಲಿ ಮಹಾರಾಷ್ಟ್ರದ ಬಸ್ಸಿಗೆ ಕಲ್ಲು ಬಿದ್ದಿತೆಂದು ಈ ಕಡೆ ಮಹಾರಾಷ್ಟ್ರದಲ್ಲಿ ಕರ್ನಾಟಕದ ಗಾಡಿಗಳನ್ನು ತಡೆಯುತ್ತಿದ್ದರು. ನಮ್ಮಲ್ಲೇ ಇರು ಅಂದರೆ ಅವ್ವ ಕೇಳಲಿಲ್ಲ.

"ನೀನೂ ಬಾ ಅಕ್ಕಾ, ನನಗ ಮರಾಠಿ ಬರಂಗಿಲ್ಲ," ಅಂದ ತಮ್ಮ. ಆರು ವರ್ಷದ ಮಗಳನ್ನೂ ಕರೆದುಕೊಂಡು ಹತ್ತಿದೆ.

ಮಿರಜ ದಾಟಿದ ಮೇಲೆ ರಸ್ತೆಯಲ್ಲಿ ಟೈರು ಉರಿಯುತ್ತಿತ್ತು. ಗುಂಪೊಂದು ಕಾರನ್ನು ಸುತ್ತುವರಿಯಿತು. ಒಬ್ಬ ನಂಬರ್ ಪ್ಲೇಟಿಗೆ ಕಪ್ಪು ಬಣ್ಣ ಬಳಿಯತೊಡಗಿದ. ನಾನು ಇಳಿದು, ನನ್ನ ಮನೆ ಸಾಂಗ್ಲಿ, ಒಳಗೆ ಆಪರೇಷನ್ ಆದವರಿದ್ದಾರೆ ಎಂದು ಮರಾಠಿಯಲ್ಲಿ ಹೇಳಿದೆ. ಕೋಲು ಹಿಡಿದಿದ್ದ ಒಬ್ಬ ನಂಬದೆ ಹಿಂದಿನ ಬಾಗಿಲು ತೆಗೆದ.

ಅವ್ವನ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಸದ್ದು ಕೇಳಿ ಪಕ್ಕಕ್ಕೆ ಸರಿದಳು. "ಯಾರ್ರಿ? ಬರ್ರಿ, ಕುಂದ್ರಿ."

ಅವನು ಅವಳನ್ನೇ ನೋಡುತ್ತ ನಿಂತ. ಯಾರೋ ಬಾನೆಟ್ಟಿಗೆ ಗುದ್ದಿದರು. ಕೊನೆಗೆ ಅವನೇ ಬಾಗಿಲು ಹಾಕಿ, ಬಿಡಿ ಇವರನ್ನು ಎಂದು ಮರಾಠಿಯಲ್ಲಿ ಕೂಗಿದ. ಯಾಕೆ ಬಿಟ್ಟನೋ, ನನಗೆ ಗೊತ್ತಾಗಲಿಲ್ಲ.

ಗಡಿ ದಾಟಿ ಕರ್ನಾಟಕದ ಕಾಗವಾಡ ಬಂದಾಗ ತಮ್ಮ ಉಸಿರು ಬಿಟ್ಟ. ಆದರೆ ಅಲ್ಲೂ ಒಂದು ಗುಂಪು ನಿಂತಿತ್ತು, ಮಹಾರಾಷ್ಟ್ರದ ಗಾಡಿಗಳಿಗಾಗಿ.

"ನಂಬರ್ ಯಾಕ ಮುಚ್ಚೀರಿ? ಆ ಕಡೆ ಗಾಡಿ ಏನು?"

"ಇಲ್ರಿ ಅಣ್ಣಾ, ಆ ಕಡೆ ಮಂದಿ ಬಣ್ಣ ಬಳದಾರ. ನಾವು ಅಥಣಿಯವರು," ಅಂದ ತಮ್ಮ.

ಅವರು ಬಗ್ಗಿ ಬಣ್ಣ ಕೆರೆಯುತ್ತಿದ್ದರು. ಅಷ್ಟರಲ್ಲಿ ಮಗಳು ನನ್ನನ್ನು ಕರೆಯುತ್ತ "ಆಯಿ" ಎಂದು ಬಾಯಿ ತೆರೆದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದು ಮರಾಠಿಯೇ. ಅಂಗೈಯಿಂದ ಅವಳ ಬಾಯಿ ಮುಚ್ಚಿದೆ. ಬಿಗಿಯಾಗಿಯೇ ಮುಚ್ಚಿದೆ. ಅವಳು ಗುಂಪನ್ನು ನೋಡಲಿಲ್ಲ. ಹೆದರಿ ನನ್ನನ್ನು ನೋಡಿದಳು.

ಬಣ್ಣದಡಿ ಕರ್ನಾಟಕದ ‘ಕೆಎ’ ಅಕ್ಷರ ಕಂಡಿತು. ಹೋಗ್ರಿ ಅಂದರು.

ಅಥಣಿಯ ಮನೆಯಲ್ಲಿ ಅವ್ವ ಮೊಮ್ಮಗಳನ್ನು ಹತ್ತಿರ ಕರೆದು, "ಹಸಿವಾಗೈತೇನವಾ?" ಎಂದು ಕೇಳಿದಳು. ಮಗಳು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: ಯಾವ ಭಾಷೆಯಲ್ಲಿ ಹೇಳಲಿ?

"ಯಾವುದರಾಗರೆ ಹೇಳು," ಅಂದೆ.

ಅವಳು ಅಜ್ಜಿಯತ್ತ ತಿರುಗಿ, ಹೌದೆಂದು ತಲೆಯಷ್ಟೇ ಆಡಿಸಿದಳು.