ಮೈನಸ್ ಹದಿನೆಂಟರ ಮಂಗಳಾರತಿ

ಶಾಲೆಯ ದಾಖಲೆಯ ಪ್ರಕಾರ ಶ್ಯಾಮಣ್ಣ ಹುಟ್ಟಿದ್ದು ೧೯೬೬ನೆಯ ಇಸವಿ ಮಾರ್ಚ್ ೧೪ರಂದು. ಅವನ ತಾಯಿಯ ಪ್ರಕಾರ ಹಿತ್ತಲ ಹುಣಸೆ ಬಡಿದ ಮರುದಿನ. ದಾಖಲೆ ಬರೆದ ಮೇಷ್ಟರು ಹುಣಸೆಮರವನ್ನು ವಿಚಾರಿಸಿರಲಿಲ್ಲವಾದ್ದರಿಂದ ತಾಯಿಯ ಮಾತೇ ಹೆಚ್ಚು ನಂಬಲರ್ಹ. ಡೆಂಕಣಿಕೋಟೆಯ ಆಚೆಗಿನ ಅವನ ಎರಡು ಎಕರೆ ರಾಗಿಯನ್ನು ೨೦೦೪, ೨೦೦೫, ೨೦೦೬, ಹೀಗೆ ಸತತ ಮೂರು ವರ್ಷ ಆನೆಗಳು ತಪ್ಪದೆ ಬಂದು ಊಟ ಮಾಡಿಕೊಂಡು ಹೋದವು. ನಾಲ್ಕನೆಯ ವರ್ಷ ಅವುಗಳಿಗೆ ಬಡಿಸಲು ಮನಸ್ಸಿಲ್ಲದೆ, ೨೦೦೭ರ ಜೂನ್ ೪, ಸೋಮವಾರ, ಹೊಸೂರು–ಕೃಷ್ಣಗಿರಿ ಹೆದ್ದಾರಿಯ ಪಕ್ಕದ ಒಂದು ಶೀತಲಗೃಹದಲ್ಲಿ ಕೆಲಸಕ್ಕೆ ಸೇರಿದ. ಬಾಗಿಲೇ ಇಲ್ಲದ ಹೊಲದಿಂದ ಬಂದವನಿಗೆ ಸಿಕ್ಕಿದ್ದು ಬಾಗಿಲು ಕಾಯುವ ಕೆಲಸ.

ಅಲ್ಲಿ ಕೃಷ್ಣಗಿರಿಯ ಮಾವಿನಹಣ್ಣನ್ನು ತುಂಡುಮಾಡಿ, ಕಲ್ಲಿನಂತೆ ಹೆಪ್ಪುಗಟ್ಟಿಸಿ, ಪೆಟ್ಟಿಗೆಗೆ ತುಂಬಿ, ತಂಪುಯಂತ್ರವಿರುವ ಕಂಟೇನರಿನಲ್ಲಿ ಚೆನ್ನೈ ಬಂದರಿಗೂ ಅಲ್ಲಿಂದ ಹಡಗಿನಲ್ಲಿ ಯುರೋಪಿಗೂ ಕಳಿಸುತ್ತಾರೆ. ಇಲ್ಲಿ ಹೊರಟ ಹಣ್ಣು ಅಲ್ಲಿ ಮುಟ್ಟುವವರೆಗೆ ಮೈನಸ್ ಹದಿನೆಂಟು ಡಿಗ್ರಿಯ ಚಳಿಯಲ್ಲೇ ಇರಬೇಕು. ಆ ಚಳಿ ಸೋರಿಹೋಗುವ ದಾರಿ ಒಂದೇ, ಬಾಗಿಲು. ಹೀಗಾಗಿ ಲೋಡಿಂಗ್ ಮೇಸ್ತ್ರಿ ಶ್ಯಾಮಣ್ಣ ಕಾಲಕ್ರಮೇಣ ‘ಬಾಗ್ಲು ಶ್ಯಾಮಣ್ಣ’ನಾದ. “ಬಾಗ್ಲು ಹಾಕ್ರಲಾ, ನಿಮ್ಮಪ್ಪನ ಮನೆ ಗಾಳಿ ಏನ್ಲಾ ಇದು” ಎಂಬ ಅವನ ಕೂಗು ಹೆದ್ದಾರಿಯ ಆಚೆಯ ಚಹಾ ಅಂಗಡಿಯವರೆಗೂ ಕೇಳುತ್ತಿತ್ತು.

ಮನೆಯಲ್ಲೂ ಫ್ರಿಜ್ಜಿನ ಬಾಗಿಲು ತುಸು ಹೊತ್ತು ತೆರೆದಿದ್ದರೆ ಅವನಿಗೆ ತಡೆಯುತ್ತಿರಲಿಲ್ಲ.

“ಬಾಗ್ಲು ತೆಗೀದೆ ಮೊಸ್ರು ತಗಳಕ್ಕೆ ನಾನೇನ್ ದೆವ್ವನಾ?” ಎಂದು ಹೆಂಡತಿ ಅಕ್ಕಯಮ್ಮ ಕೇಳುತ್ತಿದ್ದಳು. ಅವನು ಎದ್ದುಹೋಗಿ ಬಾಗಿಲು ಮುಚ್ಚಿ ಬರುತ್ತಿದ್ದ.

ಹದಿನೇಳು ವರ್ಷಗಳಲ್ಲಿ ತನ್ನ ಬಾಗಿಲಿನಿಂದ ಒಂದೇ ಒಂದು ಪೆಟ್ಟಿಗೆಯೂ ಕೆಟ್ಟಿಲ್ಲವೆಂಬುದು ಅವನ ಏಕೈಕ ಜಂಬ. ಆ ಜಂಬಕ್ಕೆ ಪೆಟ್ಟು ಬಿದ್ದದ್ದು ೨೦೨೪ರ ಅಕ್ಟೋಬರ್ ೧೧, ಶುಕ್ರವಾರ, ಆಯುಧಪೂಜೆಯ ದಿನ.

ಹಿಂದಿನ ವರ್ಷಗಳಲ್ಲಿ ಖಾಲಿ ಕಂಟೇನರಿಗೆ ಪೂಜೆ ಮಾಡಿ, ಆಮೇಲೆ ಪೆಟ್ಟಿಗೆ ತುಂಬುವ ಪದ್ಧತಿ. ಆ ವರ್ಷ ಹಡಗು ಹೊರಡುವ ದಿನ ಹತ್ತಿರವಿತ್ತು. ಒಂಬತ್ತಕ್ಕೆ ಬರಬೇಕಿದ್ದ ಅರ್ಚಕ ವಾಸು ಬಂದಿರಲಿಲ್ಲ. ಅಂದು ಹೊಸೂರಿನಲ್ಲಿ ಪ್ರತಿಯೊಂದು ಲೇತ್ ಯಂತ್ರವೂ ದೇವರೇ ಆದ್ದರಿಂದ ಅವರನ್ನು ದೂರುವಂತಿಲ್ಲ. ೧೦ ಗಂಟೆ ೪೦ ನಿಮಿಷಕ್ಕೆ ಎರಡು ಸಾವಿರದ ನಾನೂರು ಪೆಟ್ಟಿಗೆಗಳನ್ನು ತುಂಬಿ, ಬಾಗಿಲು ಜಡಿದು, ಯಂತ್ರ ಚಾಲೂ ಮಾಡಿದ್ದಾಯಿತು. ೧೧ ಗಂಟೆ ೧೦ಕ್ಕೆ ವಾಸು ಸ್ಕೂಟರಿನಲ್ಲಿ ಪ್ರತ್ಯಕ್ಷರಾದರು.

“ಬಾಗಿಲು ತೆಗೆಯಿರಿ.”

“ಆರ್ತಿ ವರಗಿಂದ್ಲೇ ಎತ್ಬುಡಿ ಅಯ್ನೋರೇ.”

“ಗರ್ಭಗುಡಿ ಬಾಗಿಲು ಹಾಕ್ಕೊಂಡು ಯಾರಾದ್ರೂ ಆರತಿ ಎತ್ತಾರೇನಪ್ಪ?”

ಗರ್ಭಗುಡಿಯ ಮಾತು ಬಂದ ಮೇಲೆ ಶ್ಯಾಮಣ್ಣ ಸೋತ. ಎರಡೇ ನಿಮಿಷವೆಂದು ಮಾತು ಪಡೆದು, ೧೧ ಗಂಟೆ ೧೮ಕ್ಕೆ ತಾನೇ ಅಗುಳಿ ಎಳೆದ.

ಒಳಗಿನ ಫ್ಯಾನು ಮೈನಸ್ ಹದಿನೆಂಟರ ಗಾಳಿಯನ್ನು ಅರ್ಚಕರ ಮುಖಕ್ಕೆ ಉಗುಳಿತು. ಕರ್ಪೂರ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಮೂರನೆಯ ಸಲ ಆರಿದಾಗ ಸೇಲಂ ಕಡೆಯ ಲಾರಿ ಡ್ರೈವರ್ “ಅಣ್ಣಾ, ಟೈಮ್ ಆಯಿಡ್ಚು” ಎಂದು ತಮಿಳಿನಲ್ಲಿ ಅವಸರಪಡಿಸಿದ. ಆಗ ಬಾಗಿಲು ಮುಚ್ಚಿಸಬೇಕಾಗಿದ್ದ ಶ್ಯಾಮಣ್ಣನೇ ಅಡ್ಡ ನಿಂತ.

“ಆರೋದ ಆರ್ತಿ ಬುಟ್ಟು ಗಾಡಿ ಕಳ್ಸಕ್ಕಾಯ್ತದೇನ್ಲಾ? ಸಮುದ್ರ ಕಣ್ಲಾ ಅದು.”

ಸಮುದ್ರವನ್ನು ಅವನು ಅಂದಿನವರೆಗೆ ನೋಡಿರಲಿಲ್ಲ. ಬಹುಶಃ ಅದಕ್ಕೇ ಅಷ್ಟು ಗೌರವ.

ಕರ್ಪೂರ ಒಟ್ಟು ಹನ್ನೊಂದು ಸಲ ಆರಿತು. ಜನರೇಟರ್ ನೋಡಿಕೊಳ್ಳುವ ರಾಮಕೃಷ್ಣಪ್ಪ ತನ್ನ ವಿಶಾಲವಾದ ಹೊಟ್ಟೆಯನ್ನು ಗಾಳಿಗೆ ಅಡ್ಡ ಒಡ್ಡಿ, ಅಕ್ಕಪಕ್ಕಕ್ಕೆ ರಟ್ಟು ಹಿಡಿದ ಮೇಲೆ ಹನ್ನೆರಡನೆಯದು ನಿಂತಿತು. ಬಾಗಿಲು ಮುಚ್ಚಿದಾಗ ೧೧ ಗಂಟೆ ೫೨ ನಿಮಿಷ. ನಾಲ್ಕು ನಿಂಬೆಹಣ್ಣನ್ನು ಚಕ್ರಕ್ಕೆ ಕೊಟ್ಟು ಲಾರಿ ಹೊರಟಿತು.

ನವೆಂಬರ್ ೨೮, ಗುರುವಾರ, ಮ್ಯಾನೇಜರ್ ನಿರಂಜನ ಶ್ಯಾಮಣ್ಣನನ್ನು ಕೋಣೆಗೆ ಕರೆದು ಕಂಪ್ಯೂಟರಿನಲ್ಲಿ ಒಂದು ಗೆರೆ ತೋರಿಸಿದ. ಕಂಟೇನರಿನೊಳಗಿನ ಚಳಿಯನ್ನು ನಿಮಿಷನಿಮಿಷಕ್ಕೂ ಬರೆದಿಡುವ ಯಂತ್ರದ ಗೆರೆ ಅದು. ಹಡಗು ಬಂದರು ಮುಟ್ಟುವವರೆಗೂ ನೆಟ್ಟಗೆ ಮಲಗಿದ್ದ ಗೆರೆ ಅಕ್ಟೋಬರ್ ೧೧ರಂದು ಮಾತ್ರ ಎದ್ದು ಕುಳಿತಿತ್ತು.

“ಏನಿದು ಶ್ಯಾಮಣ್ಣ, ಒಂಟೆ ಡುಬ್ಬದ ಥರ? ಮೈನಸ್ ಒಂಬತ್ತಕ್ಕೆ ಬಂದಿದೆ. ಐದು ದಿನದಲ್ಲಿ ಕಾರಣ ಬರೆದು ಕಳಿಸದಿದ್ದರೆ ಯುರೋಪಿನಲ್ಲಿ ಕೊಳ್ಳೋರು ಪೂರ್ತಿ ಮಾಲು ನಾಶ ಮಾಡ್ತಾರಂತೆ.”

ಶ್ಯಾಮಣ್ಣ ಗೆರೆಯನ್ನು ನೋಡಿದ. ಕರ್ಪೂರ ಆರಿದ್ದು ಅದರಲ್ಲಿ ಕಾಣಿಸುತ್ತದೆಯೇ ಎಂದು ಬಗ್ಗಿಯೂ ನೋಡಿದ.

“ಜನರೇಟರ್ ಕೈಕೊಡ್ತು ಅಂತ ಬರೆದುಬಿಡೋಣ” ಎಂದ ನಿರಂಜನ. “ಮೆಷಿನ್ ತಪ್ಪಾದರೆ ಒಪ್ಕೋತಾರೆ. ಮನುಷ್ಯರ ತಪ್ಪಾದರೆ ನಿಮ್ಮನ್ನ ಬಾಗಿಲಿಂದ ತೆಗೀಬೇಕಾಗತ್ತೆ.”

ಜನರೇಟರಿಗೆ ಕೈಕೊಡುವ ಸ್ವಾತಂತ್ರ್ಯ ಕಾಗದದಲ್ಲಿ ಮಾತ್ರ. ನಿಜದಲ್ಲಿ ಆ ತಪ್ಪು ಹೊರಬೇಕಾದವನ ಹೆಸರು ರಾಮಕೃಷ್ಣಪ್ಪ. ಶ್ಯಾಮಣ್ಣ ನೇರವಾಗಿ ಜನರೇಟರ್ ಷೆಡ್ಡಿಗೆ ಹೋಗಿ ವಿಷಯ ಹೇಳಿದ.

“ಬರ್ಕಳ್ಳಿ ಬುಡ್ಲಾ, ನಂದೇನೋಯ್ತದೆ” ಎಂದ ರಾಮಕೃಷ್ಣಪ್ಪ.

“ನಿನ್ ಕೆಲ್ಸ ಓಯ್ತದೆ.”

“ನಿಂದೋದ್ರೆ?”

“ಆನೆಗಳ್ಗೆ ರಾಗಿ ಬೆಳ್ಕಂಡಿರ್ತೀನಿ. ಪಾಪ, ಕಾಯ್ತಾ ಅವೆ.”

ರಾಮಕೃಷ್ಣಪ್ಪ ಅಂದು ಗಾಳಿಗೆ ಒಡ್ಡಿದ್ದ ಹೊಟ್ಟೆಯನ್ನು ಸವರಿಕೊಂಡು, “ನಾನೂ ಅಡ್ಡ ನಿಂತಿದ್ನಲ್ಲ, ಅದ್ನೂ ಬರ್ಸು” ಎಂದ.

ಅಂದು ಮಧ್ಯಾಹ್ನವೇ ಶ್ಯಾಮಣ್ಣ ನಿರಂಜನನ ಎದುರು ನಿಂತು ಹೇಳಿಕೆ ಬರೆಸಿದ.

“ಬರೀರಿ ಸಾರ್. ಬಾಗ್ಲು ತೆಗ್ದಿದ್ದು ಶ್ಯಾಮಣ್ಣ. ಅನ್ನೊಂದು ಅದಿನೆಂಟಕ್ಕೆ. ಕರ್ಪೂರ ಅನ್ನೊಂದ್ಸಲ ಆರೋಯ್ತು.”

“ಕರ್ಪೂರ ಅಂದರೆ ಅವರಿಗೆ ಏನಂತ ತಿಳಿಸಲಿ?”

“ಉರಿಯೋದು ಅನ್ನಿ.”

“ತಿನ್ನೋ ಪದಾರ್ಥದ ಪಕ್ಕ ಉರಿಯೋದಾ?”

“ಅಂಗಾದ್ರೆ ಆರೋದು ಅನ್ನಿ. ಅವತ್ತು ಅದು ಮಾಡಿದ್ದು ಅದೊಂದೇಯ.”

ನಿರಂಜನ ತಲೆಯ ಮೇಲೆ ಕೈಯಿಟ್ಟುಕೊಂಡೇ ಬರೆದು ಕಳಿಸಿದ. ಆರು ದಿನ ಶ್ಯಾಮಣ್ಣ ಬಾಗಿಲ ಬಳಿ ಕೂಗಲಿಲ್ಲ. ಪೆಟ್ಟಿಗೆ ತುಂಬುವ ಹುಡುಗಿಯರು ಬಾಗಿಲು ತೆರೆದಿಟ್ಟು ಹರಟಿದರೂ ಸುಮ್ಮನೆ ಹೋಗಿ ಮುಚ್ಚಿ ಬಂದ. ಅವರಿಗೆ ಅದು ಬೈಗುಳಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಮನೆಯಲ್ಲಿ ಅಕ್ಕಯಮ್ಮ ಫ್ರಿಜ್ಜು ತೆರೆದಿಟ್ಟು ಪರೀಕ್ಷೆ ಮಾಡಿದಳು. ಅವನು ಬೈಯದಿದ್ದಾಗ ಹಣೆ ಮುಟ್ಟಿ ಜ್ವರ ನೋಡಿದಳು.

ಡಿಸೆಂಬರ್ ೪, ಬುಧವಾರ, ಯುರೋಪಿನಿಂದ ಉತ್ತರ ಬಂತು: ಬಿಸಿಯಾದದ್ದು ಬಾಗಿಲ ಬಳಿಯ ಗಾಳಿ ಮಾತ್ರ. ಪೆಟ್ಟಿಗೆಯೊಳಗಿಟ್ಟಿದ್ದ ಮಾಪಕ ಮೈನಸ್ ಹತ್ತೊಂಬತ್ತರಿಂದ ಕದಲಿರಲಿಲ್ಲ. ತೆಗೆದು ಪರೀಕ್ಷಿಸಿದ ಹಣ್ಣೂ ಚೆನ್ನಾಗಿತ್ತು. ಮಾಲನ್ನು ಒಪ್ಪಿಕೊಂಡಿದ್ದೇವೆ. ಆದರೆ ಸದರಿ ಸಮಾರಂಭಕ್ಕೆ ಲಿಖಿತ ನಿಯಮವಿರಬೇಕು, ಬಾಗಿಲಿಗೆ ಒಬ್ಬನೇ ಹೊಣೆಗಾರನಿರಬೇಕು, ಅವನ ಹೆಸರು ತಿಳಿಸಿ.

“ಯಾರ ಹೆಸರು ಬರೀಲಿ?” ಎಂದು ನಿರಂಜನ ಕೇಳಿದ.

ಶ್ಯಾಮಣ್ಣ ಆಗಲೇ ಕೋಣೆಯಿಂದಾಚೆ ಹೋಗಿದ್ದ. ಹೆದ್ದಾರಿಯ ಆಚೆಯ ಚಹಾ ಅಂಗಡಿಯವನಿಗೆ ಮಾತ್ರ ಆರು ದಿನಗಳ ಬಳಿಕ ಮತ್ತೆ ಕೇಳಿಸಿತು: “ಬಾಗ್ಲು ಹಾಕ್ರಲಾ.”

೨೦೨೫ರ ಅಕ್ಟೋಬರ್ ೧, ಬುಧವಾರ, ಮರುವರ್ಷದ ಆಯುಧಪೂಜೆಗೆ ವಾಸು ಬಂದಾಗ ಶ್ಯಾಮಣ್ಣ ಅವರ ಕೈಗೆ ಒಂದು ಕಾಗದ ಕೊಟ್ಟ. ಅದರ ಹದಿನಾಲ್ಕನೆಯ ನಿಯಮ ಹೀಗಿತ್ತು: ‘ಆರತಿ: ಬಾಗಿಲು ಮುಚ್ಚಿದ ನಂತರ, ಹೊರಗಿನಿಂದ, ಗರಿಷ್ಠ ಎರಡು ನಿಮಿಷ.’

“ಇದು ಯಾವ ಶಾಸ್ತ್ರದಲ್ಲಿದೆಯಪ್ಪ?”

“ಫಾರಿನ್ ಶಾಸ್ತ್ರ ಅಯ್ನೋರೇ. ಅಡಗಲ್ಲಿ ಬಂದಿರೋದು.”

ಗಾಳಿಯಿಲ್ಲದ್ದರಿಂದ ಕರ್ಪೂರ ಮೊದಲ ಕಡ್ಡಿಗೇ ಹತ್ತಿ, ಒಂದು ನಿಮಿಷ ನಲವತ್ತು ಸೆಕೆಂಡಿಗೆ ಎಲ್ಲ ಮುಗಿಯಿತು. ಇಷ್ಟು ಸಲೀಸಾದ ಪೂಜೆ ಅರ್ಚಕರಿಗೆ ರುಚಿಸಲಿಲ್ಲ.

ಸಂಜೆ ಶ್ಯಾಮಣ್ಣ ಮನೆ ಸೇರಿದಾಗ ಅಕ್ಕಯಮ್ಮ ಫ್ರಿಜ್ಜಿಗೆ ಅರಿಶಿನ ಕುಂಕುಮ ಬಳಿದು, ಬಾಗಿಲನ್ನು ಅಗಲವಾಗಿ ತೆರೆದು, ಮೊಸರಿನ ಪಾತ್ರೆಗೆ ಆರತಿ ಎತ್ತುತ್ತಿದ್ದಳು. ಶ್ಯಾಮಣ್ಣ ಗಡಿಯಾರ ನೋಡಿಕೊಂಡು ಬಾಯಿ ತೆರೆದ.

“ನಿನ್ ಕಾಗ್ದ ಫ್ಯಾಕ್ಟ್ರಿಗೆ” ಎಂದಳು ಅವಳು, ತಿರುಗಿಯೂ ನೋಡದೆ. “ಈ ಬಾಗ್ಲಿಗೆ ವಣೆಗಾರ್ತಿ ನಾನು. ಕೈ ಮುಗಿ.”

ಅವನು ಕೈ ಮುಗಿದ. ಬಾಗಿಲು ನಾಲ್ಕು ನಿಮಿಷ ಹನ್ನೆರಡು ಸೆಕೆಂಡು ತೆರೆದಿತ್ತು. ಅದನ್ನು ಅವನು ಯಾರಿಗೂ ಬರೆದು ತಿಳಿಸಲಿಲ್ಲ.