ಎಡಗೈಗೆ ಹಿಂಗಾರ

ನನಗೆ ಏಳನೇ ತಿಂಗಳು ನಡೆಯುತ್ತಿದ್ದಾಗ ಅಮ್ಮನ ಎಡಗೈ ಅವಳ ಮಾತು ಕೇಳುವುದನ್ನು ಬಿಟ್ಟಿತು. ತಿರುವೊಟ್ಟಿಯೂರಿನಲ್ಲಿ ಅಪ್ಪನ ಹೋಟೆಲು, ಅದರ ಮಹಡಿಯಲ್ಲೇ ನಮ್ಮ ಮನೆ. ಬೆಳಿಗ್ಗೆ ತೆಂಗಿನಕಾಯಿ ತುರಿಯುತ್ತಿದ್ದ ಅಮ್ಮನ ಕೈ ಇದ್ದಕ್ಕಿದ್ದಂತೆ ಪಕ್ಕಕ್ಕೆ ಎಗರಿ, ಹಿಡಿದಿದ್ದ ಕಾಯಿಕಡಿ ಬಾಗಿಲವರೆಗೆ ಉರುಳಿತು. "ಯಾರ ಮೇಲಮ್ಮ ಸಿಟ್ಟು?" ಎಂದು ನಾನು ನಕ್ಕೆ. ಅಮ್ಮ ನಗಲಿಲ್ಲ. ಬಲಗೈಯಿಂದ ಎಡಗೈಯನ್ನು ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು. ಅದು ಅಲ್ಲಿಂದಲೂ ಎದ್ದಿತು.

ಪೋರೂರಿನ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಮಿದುಳಿನ ಆಳದಲ್ಲಿ, ಕೈಕಾಲಿನ ಆಟವನ್ನು ಹತೋಟಿಯಲ್ಲಿಡುವ ಜಾಗದಲ್ಲೇ, ಸಣ್ಣ ರಕ್ತನಾಳಗಳ ಗಂಟೊಂದಿದೆ, ಹುಟ್ಟಿನಿಂದ ಸುಮ್ಮನಿದ್ದದ್ದು ಈಗ ಚೂರು ಜಿನುಗಿದೆ ಎಂದರು ಡಾಕ್ಟರು. ಅಷ್ಟು ಆಳದಲ್ಲಿ ಆಪರೇಷನ್ ಅಪಾಯ, ಮಾತ್ರೆಯಲ್ಲಿ ಕಡಿಮೆಯಾಗುತ್ತದೋ ನೋಡೋಣ ಎಂದರು. ಅಮ್ಮ ತಮಿಳಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಕೊಳಂದೆಯೆ ಕುಳಿಪ್ಪಾಟ್ಟಲಾಮಾ ಡಾಕ್ಟರ್?" ಮಗುವಿಗೆ ಸ್ನಾನ ಮಾಡಿಸಬಹುದೇ ಎಂದು. ಡಾಕ್ಟರು ಆ ಕೈಯನ್ನೇ ನೋಡಿ, ಸದ್ಯಕ್ಕೆ ಬೇಡ ಎಂದರು.

ಬಾಣಂತನಕ್ಕೆಂದು ಅವಳು ಊರಿನ ತೆಂಗಿನೆಣ್ಣೆ ತರಿಸಿಟ್ಟಿದ್ದಳು. ಹಳೆಯ ವಾಯಿಲ್ ಸೀರೆಗಳನ್ನು ಹರಿದು, ಒಗೆದು, ಮಡಿಸಿಟ್ಟಿದ್ದಳು. ಮನೆಗೆ ಬಂದದ್ದೇ ಅವನ್ನೆಲ್ಲ ಬಲಗೈಯಲ್ಲೇ ಎತ್ತಿ ನನ್ನ ಕೋಣೆಯಲ್ಲಿಟ್ಟಳು.

ಸುದ್ದಿ ಕೇಳಿ ಉಡುಪಿಯಿಂದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಬಂದಿಳಿದಳು. ಒದ್ದೆಬಟ್ಟೆಯಲ್ಲಿ ಸುತ್ತಿ ಹಿಂಗಾರ ತಂದಿದ್ದಳು. ನಾಗದರ್ಶನದಲ್ಲಿ ಪಾತ್ರಿಯ ಮೈಮೇಲೆ ದೇವರು ಬಂದಾಗ ಅವರು ಹಿಡಿದು ನಡುಗುವುದು ಈ ಅಡಿಕೆಹೂವನ್ನೇ; ತಪ್ಪೇನೆಂದು ಕೇಳಿದವರಿಗೆ ದೇವರ ಉತ್ತರ ಸಿಗುವುದೂ ಆಗಲೇ. ಅಮ್ಮನ ಕೈ ಎದ್ದದ್ದನ್ನು ಕಂಡದ್ದೇ ಹಿಂಗಾರವನ್ನು ಬೆರಳುಗಳ ನಡುವೆ ತುರುಕಿ, ಕೈಮುಗಿದು, "ಎಂತ ತಪ್ಪಾಯ್ತು ಸ್ವಾಮೀ, ಅಪ್ಪಣೆ ಆಗ್ಲಿ" ಎಂದಳು. ಹಿಂಗಾರ ಎಗರಿ ದೊಡ್ಡಮ್ಮನ ಮೂಗಿಗೇ ಬಡಿಯಿತು.

"ಎಂತ ಮಾರಾಯ್ತಿ ಅಕ್ಕ! ದೇವರು ಬರುದಾದ್ರೆ ಬಲಗೈ ಬಿಟ್ಟು ಎಡಗೈಗೆ ಬರ್ತಾನಾ?" ಎಂದು ಅಮ್ಮ ಬಿದ್ದು ಬಿದ್ದು ನಕ್ಕಳು. ಎಷ್ಟೋ ವಾರಗಳ ಮೇಲೆ ಕೇಳಿದ ನಗು. ಆ ಹಿಂಗಾರಕ್ಕೆ ನಾನೇ ಕೈಮುಗಿಯಬೇಕೆನಿಸಿತು. ದೊಡ್ಡಮ್ಮ ಮಾತ್ರ ಮೂಗು ಉಜ್ಜಿಕೊಳ್ಳುತ್ತ, "ನಗು, ನಗು. ಉತ್ತರ ಸಿಕ್ಕುವವರೆಗೆ ನಾನು ಕೇಳುವವಳೇ" ಎಂದಳು.

ಮಗಳು ಹುಟ್ಟಿದಳು. ಮಾತ್ರೆಯಿಂದ ಕೈಯ ಆರ್ಭಟ ಅರ್ಧ ಇಳಿದಿತ್ತು, ಪೂರ್ತಿ ಅಲ್ಲ. ಅಮ್ಮ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೋಣೆಯ ಬಾಗಿಲಲ್ಲೇ ನಿಂತು ಮೊಮ್ಮಗಳನ್ನು ನೋಡುತ್ತಿದ್ದಳು. ಅಮ್ಮ ನಿದ್ದೆ ಹೋದರೆ ಮಾತ್ರ ಆ ಕೈಗೂ ನಿದ್ದೆ. ಒಂದು ಮಧ್ಯಾಹ್ನ ಮಗುವನ್ನು ಮೆಲ್ಲಗೆ ಆ ಅಂಗೈಯ ಪಕ್ಕ ಮಲಗಿಸಿದೆ. ಎಚ್ಚರವಾದದ್ದೇ ಅಮ್ಮ ಗೋಡೆಗೆ ಸರಿದು, "ಬೇಡ ಮಗಾ, ಈ ಕೈಗೆ ಗೊತ್ತಾಗುದಿಲ್ಲ" ಎಂದು ಅತ್ತಳು.

ಹಾಗಾಗಿ ಸ್ನಾನ ದೊಡ್ಡಮ್ಮನ ಪಾಲಿಗೆ ಬಂತು. ಪಾಪ, ಅವಳಿಗೆ ಮಂಡಿನೋವು, ಕಾಲು ಚಾಚಿದರೆ ನಿಲ್ಲದು. ಒಂದು ಬೆಳಿಗ್ಗೆ ಎಣ್ಣೆ ಹಚ್ಚಿದ ಮಗು ಅವಳ ಕಾಲ ಮೇಲಿಂದ ಜಾರತೊಡಗಿತು. ನಾನು ಹಿಡಿದುಕೊಂಡೆ, ಮಗು ಕಿರುಚಿತು.

"ಏಳು ಅಕ್ಕ" ಎಂದಿತು ಬಾಗಿಲ ಕಡೆಯ ದನಿ. ಅಮ್ಮ ಸೀರೆ ಮೇಲೆತ್ತಿ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿದಳು. "ಕೈ ಹೋದ್ರೆ ಹೋಯ್ತು. ಕಾಲು ನನ್ನದೇ ಉಂಟಲ್ಲ."

ಮಗುವನ್ನು ಆ ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿದೆ. ಅವು ಅಲುಗಲಿಲ್ಲ. ಬಲಗೈ ಎಣ್ಣೆ ತಿಕ್ಕಿತು, ನಾನು ನೀರು ಹೊಯ್ದೆ. ಎಡಗೈ ಸೆರಗಿನಿಂದ ಬಿಡಿಸಿಕೊಂಡು ಎದ್ದಿತು. ಹಿಂದೆ ನಿಂತಿದ್ದ ದೊಡ್ಡಮ್ಮ ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ತುಟಿ ಆಡಿಸತೊಡಗಿದಳು.

ಅಮ್ಮ ಮಗುವಿನ ಮುಖದಿಂದ ಕಣ್ಣು ತೆಗೆಯದೆ ಹೇಳಿದಳು: "ಪ್ರಶ್ನೆ ಎಂತದೂ ಕೇಳುದು ಬೇಡ ಅಕ್ಕ. ಗಟ್ಟಿ ಹಿಡ್ಕೊ, ಸಾಕು."